ಕಾರ್ಖಾನೆಯಿಂದ ಬಂದ ಸೀಟು

ಬೈನಾಕ್ಯುಲರಿನ ಗಾಜಿಗೆ ಮತ್ತೆ ಮಂಜು ಹಿಡಿಯಿತು. ಲೊರೆಟ್ಟಾ ಅದನ್ನು ಸ್ವೆಟರಿನ ತೋಳಿಗೆ ಉಜ್ಜಿ, ಟ್ರಕ್ಕಿನ ಕಿಟಕಿಯನ್ನು ಒಂದಿಷ್ಟು ಇಳಿಸಿ, ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಗಂಡನನ್ನು ಹುಡುಕಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬರೀ ಬಿಳಿ. ಆಮೇಲೆ ಕಂಡ. ಕಿತ್ತಳೆ ಬಣ್ಣದ ಬೇಟೆ ಟೋಪಿ, ಬಗ್ಗಿದ ಬೆನ್ನು, ಅದೇ ಕಾಲೆಳೆಯುವ ನಡಿಗೆ. ಅವನ ಮುಂದೆ ಕಬ್ಬಿಣದ ಕೋಲಿನಿಂದ ಹೆಜ್ಜೆಗೊಮ್ಮೆ ಮಂಜುಗಡ್ಡೆಯನ್ನು ಕುಟ್ಟಿ ನೋಡುತ್ತ ಹೋಗುತ್ತಿದ್ದವನು ಅವಳ ತಮ್ಮ ಕ್ಲೆಮ್.

"ದೂರ ದೂರ ನಡೀರೋ," ಎಂದು ಗಾಜಿಗೇ ಹೇಳಿದಳು. "ಅಂಟ್ಕೊಂಡು ಹೋಗ್ಬೇಡಿ. ಮುದಿ ಗೂಬೆಗಳಾ."

ಮಾರ್ಚ್ ಅರ್ಧ ಕಳೆದಿತ್ತು. ಸ್ಯಾಗಿನಾ ಕೊಲ್ಲಿಯಲ್ಲಿ ಬುದ್ಧಿ ನೆಟ್ಟಗಿದ್ದವರೆಲ್ಲ ಚಳಿಗಾಲವೆಲ್ಲ ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯುವ ತಮ್ಮ ಪುಟ್ಟ ಗುಡಿಸಲುಗಳನ್ನು ಆಗಲೇ ದಡಕ್ಕೆ ಎಳೆದು ತಂದಿದ್ದರು. ದೂರದಲ್ಲಿ ಇನ್ನೂ ನಿಂತಿದ್ದ ನೀಲಿ ಡಬ್ಬಿಯಂಥದು ಒಂದೇ ಒಂದು, ಅದು ಕ್ಲೆಮ್‌ನದು. ಪ್ರತಿ ವರ್ಷವೂ ಅವನದೇ ಕೊನೆಯದು. ಪ್ರತಿ ವರ್ಷವೂ ಊರಿನವರು ಈ ಸಲ ಇವನು ಮುಳುಗುತ್ತಾನೆ ಎನ್ನುತ್ತಿದ್ದರು, ಅವನು ಮುಳುಗುತ್ತಿರಲಿಲ್ಲ. ಆದರೆ ಈ ವರ್ಷ ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಬೆಳಿಗ್ಗೆಯಿಂದ ಗಾಳಿ ದಡದ ಕಡೆಯಿಂದ ದೊಡ್ಡ ಸರೋವರದ ಕಡೆಗೆ ಬೀಸತೊಡಗಿತ್ತು. ಆ ಗಾಳಿ ಮನಸ್ಸು ಮಾಡಿದರೆ ಕೊಲ್ಲಿಯ ಮಂಜುಗಡ್ಡೆಯನ್ನು ಹಾಲಿನ ಕೆನೆ ಎತ್ತಿದಂತೆ ದಡದಿಂದ ಎತ್ತಿಕೊಂಡು ಹೋಗುತ್ತದೆ ಎನ್ನುವುದು ಲೊರೆಟ್ಟಾಗೆ ಗೊತ್ತಿಲ್ಲದ್ದೇನಲ್ಲ. ಅವಳು ಹುಟ್ಟಿ ಬೆಳೆದದ್ದೇ ಈ ದಡದಲ್ಲಿ.

ಗೊತ್ತಿದ್ದೂ ಬೆಳಿಗ್ಗೆ ಬೇಡ ಎನ್ನಲಿಲ್ಲ. ಗಂಡ ನಾರ್ಬ್ ಬೂಟು ಹಾಕಿಕೊಳ್ಳುತ್ತ ಅವಳ ಮುಖ ನೋಡಿದ್ದ. ಅವಳು ಮಹಡಿಯ ಮೆಟ್ಟಿಲ ಕಡೆ ನೋಡಿ, ಸುಮ್ಮನೆ ಅವನ ಮಫ್ಲರು ತಂದು ಕೊಟ್ಟಿದ್ದಳು.

ಇಷ್ಟೆಲ್ಲ ರಗಳೆ ಒಂದು ಸೀಟಿಗಾಗಿ. ಕಾರಿನ ಸೀಟು.

ಮದುವೆಗೆ ಮುಂಚಿನ ವಸಂತದಲ್ಲಿ, ಎಪ್ಪತ್ತನೇ ಇಸವಿಯಲ್ಲಿ, ನಾರ್ಬ್ ಫೌಂಡ್ರಿಯಲ್ಲಿ ಓವರ್‌ಟೈಮ್ ದುಡಿದು ದುಡಿದು ಒಂದು ಪಾಂಟಿಯಾಕ್ ಕಾರಿಗೆ ಆರ್ಡರ್ ಬರೆಸಿದ್ದ. ಡೀಲರನ ಮೇಜಿನ ಮುಂದೆ ಕೂತು ಇದ್ದುದರಲ್ಲೇ ದೊಡ್ಡ ಇಂಜಿನ್ನು ಕೇಳಿದ, ಕೈಯಿಂದ ಹಾಕುವ ನಾಲ್ಕು ಗೇರು ಕೇಳಿದ, ಗಟ್ಟಿ ಸ್ಪ್ರಿಂಗು ಕೇಳಿದ. ರೇಡಿಯೋ ಬೇಡ, ತಂಪು ಗಾಳಿ ಬೇಡ, ಆ ದುಡ್ಡೂ ಇಂಜಿನ್ನಿಗೇ ಇರಲಿ ಎಂದ. ಸೀಟು ಎಂಥದ್ದು ಎಂದು ಆ ಮನುಷ್ಯ ಕೇಳಲೇ ಇಲ್ಲ. ಇಂಥ ಕಾರಿಗೆ ಎರಡು ಬೇರೆ ಬೇರೆ ಬಕೆಟ್ ಸೀಟೇ ಎಂದುಕೊಂಡು ಬರೆಯಹೊರಟ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಲೊರೆಟ್ಟಾ ಆಗ ಬಾಯಿ ಹಾಕಿದಳು.

"ಉದ್ದ ಸೀಟು ಹಾಕ್ಸಿ. ನಾನು ಇವನ ಪಕ್ಕದಲ್ಲಿ ಕೂತ್ಕೋಬೇಕು. ಅಲ್ಲೆಲ್ಲೋ ಇನ್ನೊಂದು ಕುರ್ಚೀಲಿ ಅಲ್ಲ."

"ಇಂಥ ಇಂಜಿನ್ನಿಗೆ ಯಾರೂ ಅದನ್ನ ಕೇಳಲ್ಲಮ್ಮ," ಎಂದು ಅವನು ನಕ್ಕಿದ್ದ. "ಅದು ಚರ್ಚಿಗೆ ಹೋಗೋರ ಕಾರಿಗೆ."

"ನಾವೂ ಚರ್ಚಿಗೆ ಹೋಗ್ತೀವಿ."

ಹೀಗೆ ಆ ಹಸಿರು ಕಾರು ಸೋಫಾದಂಥ ಸೀಟು ಹೊತ್ತುಕೊಂಡು ಬಂತು. ಫೌಂಡ್ರಿಯವರು ನಾರ್ಬನನ್ನು ಬಿಟ್ಟಾರೆಯೇ? "ಏನಪ್ಪಾ, ಅಜ್ಜಿ ಸೋಫಾ ಮೇಲೆ ಕೂತ್ಕೊಂಡು ರೇಸಿಗೆ ಹೊರಟ್ಯಾ?" ಎಂದು ವರ್ಷಗಟ್ಟಲೆ ಆಡಿಕೊಂಡರು. ಮಕ್ಕಳು ದೊಡ್ಡವರಾದ ಮೇಲೆ ಅವನು ಗುಜರಿಯಿಂದ ಎರಡು ಬಕೆಟ್ ಸೀಟು ತಂದು, ಕಾರಿನ ತಳಕ್ಕೆ ತೂತು ಕೊರೆದು, ಕೂರಿಸಿ, ಈಗ ನನ್ನ ಕಾರು ಕಾರಾಯಿತು ಎಂದು ಬೀಗಿದ. ಉದ್ದ ಸೀಟನ್ನು ಕ್ಲೆಮ್ ತನ್ನ ಮೀನಿನ ಗುಡಿಸಲಿಗೆ ಹೊತ್ತುಕೊಂಡು ಹೋದ. ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು. ಈ ಸೀಮೆಯ ಪ್ರತಿ ಗ್ಯಾರೇಜಿನಲ್ಲಿ, ಪ್ರತಿ ಗುಡಿಸಲಿನಲ್ಲಿ ಯಾವುದೋ ಕಾರಿನ ಸೀಟಿನ ಮೇಲೆ ಯಾವನೋ ಒಬ್ಬ ಕೂತು ಬಿಯರ್ ಕುಡಿಯುತ್ತಿರುತ್ತಿದ್ದ. ಯಾರಿಗೂ ಅದು ತಪ್ಪೆಂದು ತೋರಿರಲಿಲ್ಲ.

ಕಳೆದ ವಾರ ಕಾರಿಗೆ ಬೆಲೆ ಕಟ್ಟಲು ಫ್ಲಿಂಟ್ ಪಟ್ಟಣದಿಂದ ಹಳೇ ಕಾರುಗಳ ವಿಷಯ ಬಲ್ಲ ಟೆಸ್ಸಾ ಆರ್ಡ್‌ವೇ ಎಂಬ ಹೆಂಗಸು ಬಂದಳು. ಕೋಲಿಗೆ ಕಟ್ಟಿದ ಕನ್ನಡಿ ಹಿಡಿದು ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆಲ್ಲ ತೂರಿದಳು. ಇಂಜಿನ್ನು ನೋಡಿ ತಲೆದೂಗಿದಳು, ಗೇರು ನೋಡಿ ಶಿಳ್ಳೆ ಹಾಕಿದಳು. ಒಳಗಿನ ಚಾಪೆ ಎತ್ತಿದವಳು ತಳವನ್ನು ಬೆರಳಿನಿಂದ ತಡವಿದಳು.

"ಈ ತೂತು ಕಾರ್ಖಾನೇದಲ್ಲ."

"ಅಲ್ಲ, ನಾನೇ ಕೊರೆದಿದ್ದು!" ಎಂದ ನಾರ್ಬ್, ಎದೆ ಉಬ್ಬಿಸಿ. "ಮೊದ್ಲು ಇದ್ರಲ್ಲಿ ಉದ್ದ ಸೀಟಿತ್ತು. ಇವಳ ಹಟಕ್ಕೆ."

ಟೆಸ್ಸಾ ಕುಕ್ಕರುಗಾಲಲ್ಲೇ ಕೂತು ಗಂಡ ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು. "ಈ ಇಂಜಿನ್ನು, ಈ ಗೇರು, ಉದ್ದ ಸೀಟು. ಮೂರೂ ಒಟ್ಟಿಗೆ ಕಾರ್ಖಾನೆಯಿಂದಲೇ ಬಂದಿತ್ತಾ? ಅಯ್ಯೋ ಯಜಮಾನ್ರೇ. ಬಕೆಟ್ ಸೀಟಿನವು ಬೇಕಾದಷ್ಟು ಬಿದ್ದಿವೆ. ಎಲ್ರೂ ಅದನ್ನೇ ಕೇಳಿದ್ರು. ಹಿಂಗೆ ಕೇಳಿದೋರನ್ನ ನಾನು ಇವತ್ತೇ ನೋಡ್ತಿರೋದು. ಆ ಸೀಟು ಇದ್ದಿದ್ರೆ ಇದ್ರ ಬೆಲೆ ಹೆಚ್ಚುಕಮ್ಮಿ ಎರಡರಷ್ಟು."

ಬೇರೆ ಕಾರಿನ ಉದ್ದ ಸೀಟು ತಂದು ಹಾಕಿದರೆ ಹೇಗೆ ಎಂದು ನಾರ್ಬ್ ಕೇಳಿದ. ಹಾಕಬಹುದು, ಆದರೆ ಸೀಟಿನ ಅಡಿಯ ಕಬ್ಬಿಣದಲ್ಲಿ ತಾರೀಖು ಒತ್ತಿರುತ್ತಾರೆ, ತಾನು ಕಂಡದ್ದನ್ನು ಕಂಡ ಹಾಗೇ ಹೇಳುವವಳು ಎಂದಳು ಟೆಸ್ಸಾ. ಬಟ್ಟೆ ಹರಿದಿದ್ದರೆ ಚಿಂತೆಯಿಲ್ಲ, ಹೊಲಿಸಬಹುದು. ಕಬ್ಬಿಣದ ಚೌಕಟ್ಟು ಅದೇ ಆಗಿರಬೇಕು. ಓಹಾಯೋದಲ್ಲಿ ಒಬ್ಬ ಗಿರಾಕಿ ಇದ್ದಾನೆ, ಹುಟ್ಟುವಾಗ ಮೈಮೇಲೆ ಏನಿತ್ತೋ ಅದೆಲ್ಲ ಇರುವ ಕಾರನ್ನು ಮಾತ್ರ ಕೊಳ್ಳುತ್ತಾನೆ, ಅವನನ್ನು ಕರೆತರುತ್ತೇನೆ ಎಂದೂ ಹೇಳಿದಳು.

ಲೊರೆಟ್ಟಾ ಕೆಮ್ಮು ಬರುವವರೆಗೆ ನಕ್ಕಿದ್ದಳು. "ಐವತ್ತು ವರ್ಷ ಆಡ್ಕೊಂಡ್ಯಲ್ಲೋ ನನ್ನ! ಈಗ ಹೇಳು, ಯಾರದು ಅಜ್ಜಿ ಸೋಫಾ?"

ನಗು ಅವತ್ತಿಗೇ ಮುಗಿಯಿತು. ಕಾರು ಮಾರುತ್ತಿದ್ದುದು ಶೋಕಿಗಲ್ಲ. ಅವಳ ಉಸಿರಿನ ಕಾಯಿಲೆ ಎರಡು ಚಳಿಗಾಲದಿಂದ ಜಾಸ್ತಿಯಾಗುತ್ತ ಬಂದಿತ್ತು. ಮಲಗುವ ಕೋಣೆ, ಬಚ್ಚಲು ಎರಡೂ ಮಹಡಿಯ ಮೇಲೆ. ಜನವರಿಯಲ್ಲಿ ನಾರ್ಬ್ ಅವಳನ್ನು ಬೆನ್ನ ಮೇಲೆ ಹೊತ್ತು ಹತ್ತಲು ಹೋಗಿ ಇಬ್ಬರೂ ಉರುಳಿ ಬಿದ್ದಿದ್ದರು. ಮಗಳಿರುವ ಬೀದಿಯಲ್ಲೇ ಮಹಡಿಯಿಲ್ಲದ ಪುಟ್ಟ ಮನೆಯೊಂದು ಮಾರಾಟಕ್ಕಿತ್ತು; ಅದರ ಒಡತಿ ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದಳು. ಬಕೆಟ್ ಸೀಟಿನ ಕಾರಿನ ದುಡ್ಡಿಗೆ ಆ ಮನೆ ಸಿಗದು. ಉದ್ದ ಸೀಟಿನ ಕಾರಿನ ದುಡ್ಡಿಗೆ ಸಿಕ್ಕುತ್ತದೆ.

ಅದಕ್ಕೇ ನಾರ್ಬ್ ಹೊಟ್ಟೆಗೆ ಹಾಕಿಕೊಳ್ಳಲಾಗದ್ದನ್ನು ಹಾಕಿಕೊಂಡು ಕ್ಲೆಮ್‌ಗೆ ಫೋನ್ ಮಾಡಿದ. ದೋಣಿಯ ಮೋಟಾರನ್ನು ಸುಟ್ಟದ್ದು ನೀನು, ಅಲ್ಲ ನೀನು ಎಂದು ಜಗಳವಾಡಿ, ಭಾವ ಭಾವಮೈದ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

"ಇಷ್ಟು ವರ್ಷ ಆದ್ಮೇಲೆ ಫೋನ್ ಮಾಡಿದ್ದು ಕುಂಡಿ ಇಡೋ ಸೀಟಿಗಾ, ಭಾವಾ?" ಎಂದಿದ್ದ ಕ್ಲೆಮ್. ಆಮೇಲೆ, "ಅದು ಐಸ್ ಮೇಲಿದೆ. ಬೆಳಿಗ್ಗೆ ಬಾ. ನಾನೂ ಬರ್ತೀನಿ. ನಿನ್ನೊಬ್ಬನ್ನೇ ಬಿಟ್ರೆ ಅಕ್ಕ ನನ್ನ ಚರ್ಮ ಸುಲೀತಾಳೆ," ಎಂದಿದ್ದ.

ಗುಡಿಸಲಿನ ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋದರು. ಲೊರೆಟ್ಟಾ ಕಾದಳು. ಒಳಗೆ ಏನು ಮಾಡುತ್ತಿದ್ದಾರೆ ಇಷ್ಟು ಹೊತ್ತು? ಮೋಟಾರಿನ ಜಗಳ ಮತ್ತೆ ತೆಗೆದರೋ ಏನೋ, ತೆಗೆದರೂ ತೆಗೆದಾರು. ನಾರ್ಬನಿಗೆ ಫೋನ್ ಮಾಡಿದಳು. ಅದು ಅವಳ ಎದುರಿಗೇ, ಟ್ರಕ್ಕಿನ ಡ್ಯಾಶ್‌ಬೋರ್ಡಿನ ಮೇಲೆ ಗುರ್ ಗುರ್ ಎಂದಿತು. ಮರೆತು ಹೋಗಿದ್ದ. ಹಲ್ಲು ಕಚ್ಚಿ ತಮ್ಮನಿಗೆ ಮಾಡಿದಳು.

"ಏನಕ್ಕಾ?"

"ಬದುಕಿದ್ದೀರಾ?"

"ಇಲ್ಲ, ಸತ್ತು ಮಾತಾಡ್ತಿದ್ದೀನಿ. ಸೀಟಿನ ಬೋಲ್ಟು ತುಕ್ಕು ಹಿಡಿದಿದೆ. ನಿನ್ ಗಂಡ ಅದನ್ನ ಪೂಜೆ ಮಾಡೋ ಹಂಗೆ ಬಿಚ್ತಿದ್ದಾನೆ. ಒಡೆದು ಕೀಳೋಣ ಅಂದ್ರೆ ಗುರ್ ಅಂತಾನೆ."

"ಗಾಳಿ ಜಾಸ್ತಿ ಆಗ್ತಿದೆ ಕ್ಲೆಮ್. ಬೇಗ ಬನ್ರೋ. ಸೀಟು ಬರ್ದಿದ್ರೂ ಪರ್ವಾಗಿಲ್ಲ."

ಹಿಂದಿನಿಂದ ನಾರ್ಬನ ದನಿ ಕೇಳಿಸಿತು. "ಸೀಟು ಬರ್ಲೇಬೇಕು ಅಂತ ಹೇಳು ಅವ್ಳಿಗೆ!"

"ಕೇಳ್ತಲ್ಲ? ಫೋನ್ ಇಡ್ಬೇಡ, ಜೇಬಲ್ಲಿ ಹಾಕ್ಕೊಂಡಿರ್ತೀನಿ. ಆದ್ರೆ ಸುಮ್ನೆ ಕೇಳಿಸ್ಕೋ. ಬಾಯಿ ಹಾಕ್ಬೇಡ."

ಸುಮ್ಮನೆ ಕೇಳಿಸಿಕೊಂಡಳು. ಸುತ್ತಿಗೆಯ ಸದ್ದು, ಉಸಿರಿನ ಸದ್ದು, ಒಂದು ಬೈಗುಳ. ಆಮೇಲೆ ನಾರ್ಬ್ ನಗುವುದು ಕೇಳಿಸಿತು. "ಇಲ್ನೋಡು, ತಾರೀಖು! ಇಲ್ಲೇ ಇದೆ ನೋಡು!" ಎಂದು ಕೂಗಿದ. ಮೊಮ್ಮಗಳು ಹುಟ್ಟಿದ ದಿನದ ನಂತರ ಅವನು ಹಾಗೆ ನಕ್ಕದ್ದು ಅವಳಿಗೆ ನೆನಪಿರಲಿಲ್ಲ. ಅವಳಿಗೂ ಖುಷಿಯಾಯಿತು, ಸುಳ್ಳೇಕೆ. ಕ್ಷಣಹೊತ್ತು ಗಾಳಿಯನ್ನು ಮರೆತು ಆ ಪುಟ್ಟ ಮನೆಯ ಬಚ್ಚಲನ್ನು ನೆನೆದಳು.

ಸೀಟನ್ನು ಮಂಜಿನ ಮೇಲೆ ಎಳೆಯುವ ತಗಡಿನ ಜಾರುಬಂಡಿಯ ಮೇಲೆ ನೆಟ್ಟಗೆ ಕಟ್ಟಿ ಹೊರಟರು. ಕ್ಲೆಮ್ ಮುಂದೆ ಕೋಲು ಕುಟ್ಟುತ್ತ, ನಾರ್ಬ್ ಹಿಂದೆ ಹಗ್ಗ ಎಳೆಯುತ್ತ. ಬೈನಾಕ್ಯುಲರಿನಲ್ಲಿ ಇಬ್ಬರೂ ಇರುವೆಯಷ್ಟಿದ್ದರು, ಆದರೆ ಉಸಿರು ಮಾತ್ರ ಅವಳ ಕಿವಿಯೊಳಗೇ ಬುಸುಗುಟ್ಟುತ್ತಿತ್ತು. ಅರ್ಧ ದಾರಿಗೆ ಬಂದಿರಬೇಕು. ಆಗ ಅವಳು ಅದನ್ನು ಕಂಡಳು. ಅವರಿಗೂ ದಡಕ್ಕೂ ನಡುವೆ, ಮಂಜಿನ ಮೇಲೆ, ಅಡ್ಡಕ್ಕೆ ಒಂದು ಬೂದು ಗೆರೆ. ಅವರು ಹೋಗುವಾಗ ಅದು ಇರಲಿಲ್ಲ.

"ಕ್ಲೆಮ್! ಮುಂದೆ ಬಿರುಕು! ನಿನ್ನ ಮುಂದೆ! ಓಡು!"

ಕೋಲಿನ ಸದ್ದು ನಿಂತಿತು. "ನೋಡ್ದೆ," ಎಂದ ಕ್ಲೆಮ್, ತಮಾಷೆಯೆಲ್ಲ ಇಳಿದುಹೋದ ದನಿಯಲ್ಲಿ. "ಭಾವಾ, ಹಗ್ಗ ಬಿಡು. ಓಡ್ಬೇಕು ಈಗ."

"ನೀನು ಓಡು, ನಾನು ತರ್ತೀನಿ."

"ಬಿಡೋ ಅಂದ್ರೆ!"

ಬೂದು ಗೆರೆ ಕಪ್ಪಾಯಿತು. ಕ್ಲೆಮ್ ಓಡಿ ಬಂದು ಹಾರಿದ. ಅಷ್ಟೇನೂ ಅಗಲವಿರಲಿಲ್ಲ, ಒಂದು ಉದ್ದ ಹೆಜ್ಜೆ. ನಾರ್ಬ್ ಇನ್ನೂ ಆಚೆಗೇ ಇದ್ದ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತಿದ್ದ, ಒಂದು ಸುತ್ತು, ಇನ್ನೊಂದು ಸುತ್ತು. ಲೊರೆಟ್ಟಾ ಹಾರ್ನ್ ಒತ್ತಿದಳು. ಒತ್ತಿದ ಕೈ ತೆಗೆಯಲಿಲ್ಲ. ಇಡೀ ದಡ ಹೋ ಎಂದು ಊಳಿಟ್ಟಿತು. ಹಾರು, ಹಾರು, ದೇವರೇ ಹಾರಲಿ ಅವನು.

ಹಾರಿದ. ಈಚೆ ಅಂಚಿನ ಮೇಲೆ ಎದೆ ಕೆಳಗಾಗಿ ಬಿದ್ದ. ಅವಳ ಜೀವ ಮರಳಿ ಬಂದಿತು ಎನ್ನುವಷ್ಟರಲ್ಲಿ ಹಗ್ಗ ಬಿಗಿಯಿತು. ಬಂಡಿಯ ಮೂತಿ ಆಚೆ ಅಂಚಿನ ಉಬ್ಬಿಗೆ ಸಿಕ್ಕಿಕೊಂಡಿತ್ತು. ಆ ಕಡೆಯ ಮಂಜುಗಡ್ಡೆ ಇಡಿಯಾಗಿ ದೂರ ಸರಿಯುತ್ತಿತ್ತು. ನಾರ್ಬ್ ಹೊಟ್ಟೆಯ ಮೇಲೆ ಜಾರತೊಡಗಿದ, ಕೈ ಮುಂದೆ, ಮುಖ ಕೆಳಗೆ, ನೀರಿನ ಕಡೆಗೆ.

"ಬಿಡು ಭಾವಾ! ಬಿಡು!"

"ಬಿಡಲ್ಲ! ನನ್ನ ಕಾಲು ಹಿಡ್ಕೋ! ಎಳಿ!"

"ಕೈ ಬಿಚ್ಚೋ, ಹಾಳಾದವ್ನೇ!"

"ಅವಳ ಮನೆ ಕಣೋ ಇದು! ಅವಳ ಮನೆ!"

ಲೊರೆಟ್ಟಾ ಫೋನಿಗೆ ಏನೋ ಕೂಗಿದಳು. ಏನು ಕೂಗಿದಳೆಂದು ಆಮೇಲೆ ಅವಳಿಗೇ ನೆನಪಾಗಲಿಲ್ಲ. ಕ್ಲೆಮ್ ನಾರ್ಬನ ಬೆನ್ನ ಮೇಲೆ ಅಡ್ಡ ಬಿದ್ದದ್ದು ಕಂಡಿತು, ಕ್ಲೆಮ್‌ನ ಮೊಣಕೈ ಗರಗಸದಂತೆ ಹಿಂದೆ ಮುಂದೆ ಆಡಿದ್ದು ಕಂಡಿತು. ಹಗ್ಗ ಹಾರಿಹೋಯಿತು. ಆಮೇಲೆ ಫೋನಿನಲ್ಲಿ ಬರೀ ಇಬ್ಬರು ಮುದುಕರು ಏದುಸಿರು ಬಿಡುವ ಸದ್ದು.

ಅವರು ದಡ ಮುಟ್ಟುವವರೆಗೆ ಅವಳು ಟ್ರಕ್ಕಿನಲ್ಲಿ ಕೂತಿರಲಿಲ್ಲ. ಊರುಗೋಲು ಹಿಡಿದು ಕೆಸರಿನಲ್ಲಿ ಇಳಿದು, ನಿಂತು ಉಸಿರೆಳೆದು, ಮತ್ತೆ ಇಳಿದು ಮಂಜುಗಡ್ಡೆಯ ಅಂಚಿಗೆ ಬಂದು ನಿಂತಿದ್ದಳು. ನಾರ್ಬನ ಕನ್ನಡಕ ಹೋಗಿತ್ತು. ಗಲ್ಲ ತರಚಿ ರಕ್ತ ಬರುತ್ತಿತ್ತು. ಕೋಟು ಎದೆಯವರೆಗೆ ನೆನೆದಿತ್ತು. ಬಲಗೈ ಮುಷ್ಟಿ ಇನ್ನೂ ಕಟ್ಟಿಕೊಂಡೇ ಇತ್ತು, ಅದರಿಂದ ತುಂಡು ಹಗ್ಗ ನೇತಾಡುತ್ತಿತ್ತು.

"ಕೊಯ್ದುಬಿಟ್ಟ," ಎಂದ. ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿದ್ದವು. "ನಿನ್ ತಮ್ಮ ಕೊಯ್ದುಬಿಟ್ಟ ಕಣೇ. ಇನ್ನೊಂಚೂರು ಹಿಡ್ಕೊಂಡಿದ್ರೆ ಬಂದ್ಬಿಡ್ತಿತ್ತು."

"ಇನ್ನೊಂಚೂರು ಹಿಡ್ಕೊಂಡಿದ್ರೆ ನೀನು ಹೋಗ್ಬಿಡ್ತಿದ್ದೆ," ಎಂದ ಕ್ಲೆಮ್. ಚಾಕುವನ್ನು ಮಡಚಲು ನೋಡುತ್ತಿದ್ದ, ಅದು ಮಡಚಿಕೊಳ್ಳುತ್ತಿರಲಿಲ್ಲ.

"ನಿಂಗೇನು ಗೊತ್ತು? ಮೆಟ್ಲು ಹತ್ತೋಳು ಅವಳು. ನೀನಲ್ಲ."

ಲೊರೆಟ್ಟಾ ಊರುಗೋಲು ಕೆಳಗೆ ಬಿಟ್ಟು ಗಂಡನ ನೆನೆದ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಗುದ್ದಲು ಅವಳಲ್ಲಿ ಶಕ್ತಿಯಿರಲಿಲ್ಲ, ಅದು ಬಾಗಿಲು ತಟ್ಟಿದಷ್ಟಾಯಿತು.

"ನಿನ್ ಹೆಣ ತಗೊಂಡು ಯಾವ ಮನೇಗೆ ಹೋಗ್ಲೋ ನಾನು? ಹೇಳು! ಮಹಡಿ ಇಲ್ದಿದ್ರೆ ಆಯ್ತಾ? ಒಬ್ಳೇ ಕೂತು ಏನ್ ಮಾಡ್ಲಿ ಅಲ್ಲಿ? ಮೆಟ್ಲು ಕೂತ್ಕೊಂಡೇ ಹತ್ತೀನಿ ಕಣೋ. ಮಗು ಥರ ಅಂಬೆಗಾಲಲ್ಲಿ ಹತ್ತೀನಿ. ಯಾವನು ಕೇಳ್ದ ನಿನ್ನ!"

ಕೇಳಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ. ಅವನ ಮುಷ್ಟಿಯನ್ನು ತನ್ನ ಎರಡು ಕೈಯಲ್ಲಿ ತೆಗೆದುಕೊಂಡು ಬೆರಳುಗಳನ್ನು ಬಿಡಿಸಲು ನೋಡಿದಳು. ಅವು ಬರಲಿಲ್ಲ.

ಅವನು ಅವಳನ್ನು ನೋಡುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಅವಳ ತಲೆಯ ಮೇಲಿಂದ ಕೊಲ್ಲಿಯ ಕಡೆ ನೋಡುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಹತ್ತು ಮಾರಿನಾಚೆ ಎಲ್ಲ ಒಂದೇ.

"ಎಲ್ಲಿದೆ? ನೋಡು ಲೊರೆಟ್ಟಾ, ನಂಗೆ ಕಾಣ್ತಿಲ್ಲ."

"ಮೊದ್ಲು ಟ್ರಕ್ ಹತ್ತು. ಹೀಟರ್ ಹಾಕಿದ್ದೀನಿ."

"ನೋಡು ಅಂದೆ."

ಅವಳು ಕುತ್ತಿಗೆಯಲ್ಲಿದ್ದ ಬೈನಾಕ್ಯುಲರನ್ನು ಎತ್ತಿದಳು. ಒಡೆದ ಮಂಜುಗಡ್ಡೆ ತುಂಡುತುಂಡಾಗಿ ಸರೋವರದ ಕಡೆ ಹೊರಟಿತ್ತು. ಒಂದು ತುಂಡಿನ ಮೇಲೆ, ಅಡುಗೆಮನೆಯಷ್ಟು ಅಗಲದ್ದು, ಬಂಡಿ ಇತ್ತು. ಬಂಡಿಯ ಮೇಲೆ ಸೀಟು. ಎಷ್ಟು ನೆಟ್ಟಗೆ ಕೂತಿತ್ತೆಂದರೆ, ದಡದ ಕಡೆ ಮುಖ ಮಾಡಿ ಯಾರಾದರೂ ಬಂದು ಕೂರಲಿ ಎಂದು ಕಾಯುತ್ತಿದ್ದಂತಿತ್ತು. ಹರಿದ ಬಟ್ಟೆಯ ಹಸಿರು ಕೂಡ ಕಾಣುತ್ತಿತ್ತು.

"ಇದೆ," ಎಂದಳು.

"ನೆಟ್ಟಗಿದೆಯಾ?"

"ನೆಟ್ಟಗಿದೆ."

"ನೀರು ತಾಗಿಲ್ಲ ತಾನೆ?"

"ಇಲ್ಲ. ಒಣಗೇ ಇದೆ."

"ಗಾಳಿ ತಿರುಗಿದ್ರೆ ವಾಪಸ್ ಬರ್ಬೋದು," ಎಂದ ನಾರ್ಬ್. ನಡುಗುತ್ತಲೇ ಲೆಕ್ಕ ಹಾಕುತ್ತಿದ್ದ. "ತಿರುಗುತ್ತೆ. ಸಂಜೆಗೆ ಒಂದೊಂದ್ಸಲ ತಿರುಗುತ್ತೆ. ಆಚೆ ದಡದಲ್ಲಿ ಯಾರಿಗಾದ್ರೂ ಸಿಕ್ಕೀತು. ಫೋನ್ ಮಾಡಿ ಹೇಳೋಣ. ಅಲ್ವಾ ಕ್ಲೆಮ್?"

"ಹೇಳೋಣ," ಎಂದ ಕ್ಲೆಮ್. ಚಾಕು ಕೊನೆಗೂ ಮಡಚಿಕೊಂಡಿತ್ತು. ಅವನು ತನ್ನ ಒಣ ಕೋಟನ್ನು ಬಿಚ್ಚುತ್ತಿದ್ದ.

ಬೈನಾಕ್ಯುಲರಿನಲ್ಲಿ ಆ ತುಂಡಿನ ಒಂದು ಮೂಲೆ ಸದ್ದಿಲ್ಲದೆ ಕಳಚಿಕೊಂಡಿತು. ತುಂಡು ಒಂದು ಕಡೆಗೆ ವಾಲಿತು. ಬಂಡಿ ಹಿಂದಕ್ಕೆ ಜಾರಿತು, ಆತುರವೇನೂ ಇಲ್ಲದ ಹಾಗೆ. ಸೀಟಿನ ಬೆನ್ನು ನೀರಿಗೆ ತಾಗಿತು. ಉದ್ದನೆಯ ಅಂಚು ಒಂದು ಕ್ಷಣ ಮೇಲಕ್ಕೆದ್ದು ನಿಂತು, ಬಂಡಿಯ ಹಿಂದೆಯೇ ಕೆಳಗಿಳಿಯಿತು. ಕಪ್ಪು ನೀರು ಕೂಡಿಕೊಂಡಿತು. ಮಂಜಿನ ತುಂಡು ಹಗುರಾಗಿ ಮತ್ತೆ ಸಮವಾಗಿ ತೇಲತೊಡಗಿತು.

"ಇನ್ನೂ ಒಣಗೇ ಇದೆಯಾ?" ಎಂದು ಕೇಳಿದ ನಾರ್ಬ್.

ಲೊರೆಟ್ಟಾಳ ಪಕ್ಕದಲ್ಲಿ ಕ್ಲೆಮ್ ಕೋಟನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಅವನ ಕಣ್ಣು ಇನ್ನೂ ಹದ್ದಿನ ಕಣ್ಣು. ಬರಿಗಣ್ಣಿನಲ್ಲೇ ಎಲ್ಲ ನೋಡಿದ್ದ.

"ಒಣಗೇ ಇದೆ, ಭಾವ," ಎಂದ ಕ್ಲೆಮ್.

"ಹ್ಞೂಂ," ಎಂದಳು ಲೊರೆಟ್ಟಾ, ಬೈನಾಕ್ಯುಲರನ್ನು ಕಣ್ಣಿನಿಂದ ಇಳಿಸದೆ. "ಒಣಗೇ ಇದೆ."

ನಾರ್ಬ್ ತಲೆಯಾಡಿಸಿದ. ಅವನ ಮುಷ್ಟಿ ಸಡಿಲಾಯಿತು, ತುಂಡು ಹಗ್ಗ ಕೆಸರಿಗೆ ಬಿತ್ತು. ಕ್ಲೆಮ್ ಅವನ ಒದ್ದೆ ಕೋಟನ್ನು ಬಿಚ್ಚಿ, ತನ್ನದನ್ನು ತೊಡಿಸಿದ. ನಾರ್ಬ್ ಗದ್ದ ಮೇಲೆತ್ತಿ ನಿಂತುಕೊಂಡ. ಕ್ಲೆಮ್ ಒಂದೊಂದಾಗಿ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕುತ್ತ ಹೋದ.